ಎರಡು ಇಂಚು ಜಾಗ

ಗುರಿ ಹಿಡಿದು ನಿಂತಿದ್ದ, ತೋಟದ ಲೆಕ್ಕ ಬರೆಯುವ ಶಾಂತವೀರಪ್ಪನವರ ಹೆಗಲಿಗೂ ರೈಫಲ್ಲಿನ ಬುಡಕ್ಕೂ ನಡುವೆ ಎರಡು ಇಂಚು ಜಾಗವಿತ್ತು. "ಹೆಗಲಿಗೆ ತಾಗಿಸ್ಬೇಡಿ ರೈಟರೇ, ಮೂಳೆ ಮುರಿದೀತು" ಎಂದು ತೋಟದ ಮಾಲೀಕ ಪ್ರದ್ಯುಮ್ನ ಗೌಡರು ಗಂಭೀರವಾಗಿ ಹೇಳಿ, ಗೆಳೆಯರ ಕಡೆ ಕಣ್ಣು ಮಿಟುಕಿಸಿದರು. ಗೆಳೆಯರು ಆಗಲೇ ಮೊಬೈಲ್ ಎತ್ತಿ ಹಿಡಿದಿದ್ದರು.

ಶಾಂತವೀರಪ್ಪನವರ ಮಗಳು ರುದ್ರಾಣಿಗೆ ಹೇಸಿಗೆಯಾಯಿತು. ಮಲ್ಲಂದೂರಿನ ಈ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಕ್ಕೆ ಅಪ್ಪನ ಹೆಸರು ಕೊಟ್ಟವಳೇ ಅವಳು. ಇವರೆಲ್ಲರ ಮುಂದೆ ಅಪ್ಪ ಒಮ್ಮೆಯಾದರೂ ಗೆಲ್ಲಬೇಕಿತ್ತು. "ಅಪ್ಪಾಜಿ, ನಂಗೆ ನೀವೇ ಕಲಿಸಿದ್ದಲ್ವಾ? ಹೆಗಲಿಗೆ ಒತ್ತಿ ಹಿಡೀರಿ, ಮುಂದಕ್ಕೆ ಬಾಗಿ. ಇಲ್ದಿದ್ರೆ ಒದೆಯುತ್ತೆ, ನಳಿಗೆ ಮೇಲಕ್ಕೆ ಹಾರುತ್ತೆ."

ಶಾಂತವೀರಪ್ಪ ಬುಡವನ್ನು ಹೆಗಲಿಗೆ ಒತ್ತಿ, ಕಾಲು ಅಗಲಿಸಿ, ಬಾಗಿ ನಿಂತರು. ಗೌಡರ ಮುಖದ ನಗು ಆರಿತು. "ಏನ್ರೀ ರೈಟರೇ, ಈಗ ನನ್ ಮಾತು ಬೇಡ್ವಾ?"

ಅಪ್ಪನ ಹೆಗಲು ಬುಡದಿಂದ ಮೆಲ್ಲಗೆ ಹಿಂದೆ ಸರಿಯಿತು. ಗುಂಡು ಹಾರಿದ್ದೇ ನಳಿಗೆ ಆಕಾಶ ನೋಡಿತು, ಒದ್ದ ಬುಡ ಬಾಯಿಗೆ ಬಡಿದು ಶಾಂತವೀರಪ್ಪ ಅಂಗಾತ ಬಿದ್ದರು. ಗೆಳೆಯರಲ್ಲೊಬ್ಬ ಆ ಬೀಳುವಿಕೆಯನ್ನು ಅಲ್ಲೇ ಅಭಿನಯಿಸಿ ತೋರಿಸಿದ. ಎತ್ತಲು ಓಡಿದ ರುದ್ರಾಣಿ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಒಡೆದ ತುಟಿಯ ರಕ್ತವನ್ನೂ ಒರೆಸಿಕೊಳ್ಳದೆ, ಗೌಡರ ಮುಖವನ್ನೇ ನೋಡುತ್ತ, ಅಪ್ಪ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು.