ಮುಕ್ಕಾಲು ಕೆ.ಜಿ.

ಜಯಶೀಲಾ ಕಬ್ಬಿಣದ ರಾಡಿಗೆ ಹತ್ತಿದ್ದ ತನ್ನ ಬೆವರನ್ನು ದುಪಟ್ಟಾದ ತುದಿಯಿಂದ ಒರೆಸುತ್ತಿದ್ದಳು. ಇನ್ನೊಂದು ಕೈ ಸೊಂಟವನ್ನು ಬಿಟ್ಟಿರಲಿಲ್ಲ. ಜಿಮ್ಮಿನ ಕೋಚ್ ಲೋಹಿತ ಅದನ್ನು ಕಂಡು, ಅವಳು ಎತ್ತಬೇಕೆಂದು ಚಾರ್ಟಿನಲ್ಲಿ ಬರೆದಿದ್ದ ತೂಕವನ್ನು ಹೊಡೆದುಹಾಕಿದ.

“ಈ ತಿಂಗಳು ಕಡಿಮೆ ಮಾಡೋಣ ಅಕ್ಕ.”

“ಬೇಡಿ ಸರ್. ಮುಕ್ಕಾಲು ಕೆ.ಜಿ. ಏರಿಸಿ.”

ಲೋಹಿತನಿಗೆ ನಗು ಬಂತು. “ಮುಕ್ಕಾಲು ಕೆ.ಜಿ.ನಾ? ಇದೇನು ತರಕಾರಿ ಅಂಗಡಿನಾ? ಎಲ್ಲ ಹೆಂಗಸರೂ ಮೈ ಇಳಿಸೋಕೆ ಬರ್ತಾರೆ, ನೀವೊಬ್ರು ಪೈಲ್ವಾನ್ ಆಗೋಕೆ ಹೊರಟಿದ್ದೀರಿ. ಸೊಂಟ ಬಿದ್ದುಹೋದೀತು. ಸ್ವಲ್ಪ ದಿನ ಸುಮ್ನೆ ಮನೇಲಿ ಮಲಗಿ.”

“ಆಗಲ್ಲ ಸರ್.”

“ಯಾಕೆ, ಯಾರ ಜೊತೆ ಪಂದ್ಯ ಕಟ್ಟಿದ್ದೀರಿ?”

ಅಕ್ಕಪಕ್ಕದವರೂ ಕಿಸಕ್ಕನೆ ನಕ್ಕರು. ಜಯಶೀಲಾ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಕಟ್ಟಿದಳು.

“ನನ್ನ ಮಗನ ಜೊತೆ. ಹುಟ್ಟಿದಾಗಿನಿಂದ ಅವನು ಎದ್ದು ನಿಂತೋನಲ್ಲ, ಬಚ್ಚಲಿಗೂ ನಾನೇ ಎತ್ಕೊಂಡು ಹೋಗ್ಬೇಕು. ಈಗ ಬೆಳೆಯೋ ವಯಸ್ಸು, ತಿಂಗಳು ತಿಂಗಳೂ ತೂಕ ಏರ್ತಾನೇ ಇದೆ. ಅವನು ಗಂಡಸಾದ ಮೇಲೂ ನಾನು ಎತ್ತೋ ಹಾಗೆ ಒಂದು ಪ್ಲಾನ್ ಬರೆದುಕೊಡಿ ಸರ್.”