ರೆಫರಿಯ ಸೀಟಿ

ಸೆಮಿಫೈನಲ್ ಸೋತ ಸಂಜೆ, ಮೈದಾನದೆದುರಿನ ಟೀ ಅಂಗಡಿಯಲ್ಲಿ ಟೀಗಿಂತ ಜೋರಾಗಿ ಅಭಿಮಾನಿಗಳು ಕುದಿಯುತ್ತಿದ್ದರು.

"ಸೀಟಿ ಊದಿದ್ದು ನನ್ ಕಿವಿಗೇ ಕೇಳಿಸ್ತು. ಆಟ ನಿಲ್ತು ಅಂತ ನಮ್ ಹುಡುಗ್ರು ನಿಂತ್ರು, ಅವ್ರು ಗೋಲ್ ಹೊಡೆದ್ರು. ಆಮೇಲೆ ನಾನು ಊದೇ ಇಲ್ಲ ಅಂತಾನಲ್ಲ ಆ ರೆಫರಿ!"

"ದುಡ್ಡು ತಿಂದಿದಾನೆ. ನಡೀರಿ, ಅವನ ಮನೆಗೇ ನುಗ್ಗೋಣ. ಏನಂತೀರಾ, ಲಾರೆನ್ಸಣ್ಣ?"

ವರ್ಷಗಳಿಂದ ಗೋಲ್‌ಕಂಬದ ಹಿಂದಿನ ಮೆಟ್ಟಿಲ ಮೇಲೆ ತಮಟೆ ಬಡಿದು ಕುಣಿದು ತಂಡವನ್ನು ಹುರಿದುಂಬಿಸುತ್ತಿದ್ದ ಲಾರೆನ್ಸ್ ತಲೆ ಎತ್ತಲಿಲ್ಲ. "ಬಿಡ್ರೋ, ಅವ್ನಿಗೂ ಹೆಂಡ್ತಿ ಮಕ್ಳಿದಾರೆ," ಎಂದ.

ಅಷ್ಟರಲ್ಲಿ ತಂಡದ ಗೋಲ್‌ಕೀಪರ್ ಮುಬಾರಕ್ ಬಂದು ಅವನ ಪಕ್ಕ ಕೂತ. ಬೇರೆ ಯಾರಿಗೂ ಕೇಳಿಸದಂತೆ ಹೇಳಿದ:

"ಅಣ್ಣಾ, ಮುಂದಿನ್ ಸಲ ಬರೀ ತಮಟೆ ಬಡೀರಿ, ಸಾಕು. ಸೀಟಿ ಮನೇಲೇ ಬಿಟ್ಬನ್ನಿ."