ನೀಲಿ ಫ್ರಾಕು

"ಅಷ್ಟು ಎದ್ದು ಕಾಣೋ ನೀಲಿ ಫ್ರಾಕು ಎಲ್ಲಿ ಮಾಯವಾಗುತ್ತೆ?"

ಹಳೆಯ ಪೇಟೆಯ ನಡುಬೀದಿಯಲ್ಲಿ ನಿಂತು ಅಕ್ಕ ಕೇಳಿದಳು. ಯಾರನ್ನೂ ಅಲ್ಲ. ಎಡಗಡೆ ಕಮ್ಮಾರ ತಿದಿ ಒತ್ತುತ್ತಿದ್ದ. ಬಲಗಡೆ ಬಡಗಿ ಹಲಗೆ ಹೆರೆಯುತ್ತಿದ್ದ. ಇಬ್ಬರ ಮೈಮೇಲೂ ಇನ್ನೂರು ವರ್ಷ ಹಿಂದಿನ ಉಡುಪು. ವಾರವೆಲ್ಲ ಒಬ್ಬ ಬ್ಯಾಂಕಿನಲ್ಲಿ, ಇನ್ನೊಬ್ಬ ಔಷಧಿ ಅಂಗಡಿಯಲ್ಲಿ. ಭಾನುವಾರ ಮಾತ್ರ ಈ ಇತಿಹಾಸ ಉದ್ಯಾನದ ಸ್ವಯಂಸೇವಕರು. ಅವರೆಲ್ಲರ ಹೊಣೆ, ಅವರು ಅಕ್ಕ ಎಂದೇ ಕರೆಯುವ ಇವಳದು.

ಮಗು ಕಾಣೆಯಾಗಿ ಇಪ್ಪತ್ತು ನಿಮಿಷವಾಗಿತ್ತು.

"ಆರು ವರ್ಷ, ಎರಡು ಜಡೆ. ನೀಲಿ ಫ್ರಾಕು, ಬಿಳಿ ಬೆಲ್ಟು," ಎಂದು ಕನ್ನಡಕದ ಹೆಂಗಸು ಮೂರನೆಯ ಸಲ ಹೇಳಿದಳು. ಮೊಬೈಲು ಮುಂದೆ ಹಿಡಿದಳು. ಪರದೆಯ ಮೇಲೆ ಹುಡುಗಿ ನಗುತ್ತಿದ್ದಳು. "ಒಂದು ಕ್ಷಣ ಕಣ್ಣು ತಪ್ಪಿತು ಮೇಡಂ. ನನ್ನ ಮಗಳನ್ನ ಹುಡುಕಿಕೊಡಿ."

"ಹೆಸರು ಹಿಡಿದು ಕೂಗಿಸಲಾ?"

"ಬೇಡ ಬೇಡ. ಕೂಗಿದ್ರೆ ಹೆದರಿ ಇನ್ನೂ ಅಡಗಿಕೊಳ್ತಾಳೆ."

ಉದ್ಯಾನದಲ್ಲಿ ಮೈಕು ಇರಲಿಲ್ಲ. ಆ ಕಾಲದಲ್ಲಿ ಇರದದ್ದು ಇಲ್ಲೂ ಇರಕೂಡದು. ಬಾಗಿಲು ತೆರೆದ ಮೇಲೆ ಮುಚ್ಚುವ ತನಕ ಯಾರೂ ಪಾತ್ರ ಬಿಡಕೂಡದು. ಎರಡೂ ಅಕ್ಕನೇ ಮಾಡಿದ ನಿಯಮ. ಸುದ್ದಿ ಕಿವಿಯಿಂದ ಕಿವಿಗೆ ಹೋಗಬೇಕಿತ್ತು. ಅಕ್ಕ ಕಮ್ಮಾರನ ಕಿವಿಯಲ್ಲಿ ಉಸುರಿದಳು. ಅವನು ಸುತ್ತಿಗೆ ಎತ್ತಿ, "ತಪ್ಪಿಸಿಕೊಂಡ ಕುರಿಮರೀನ ಹಿಡಿದು ತರ್ತೀನಿ, ಒಡತಿ!" ಎಂದು ಘೋಷಿಸಿದ. ನೋಡುತ್ತಿದ್ದವರು ಚಪ್ಪಾಳೆ ತಟ್ಟಿದರು.

ದೊಡ್ಡ ಬಾಗಿಲಿಗೆ ಕಾವಲು ಬಿತ್ತು. ಬಾಗಿಲಿನವನಿಗೆ ಬೆಳಗಿನಿಂದ ಬಿಡುವಿಲ್ಲ. ಒಳಬರುವ ಪ್ರತಿ ಮಗುವಿಗೂ ಅವನು ಹಳೆಯ ಕಾಲದ ಕಂದು ನಿಲುವಂಗಿ ಕೊಡುತ್ತಿದ್ದ. ಕರೆತಂದವರೇ ಅದನ್ನು ತೊಡಿಸಿ, ಬೆನ್ನ ಮೇಲೆ ಲಾಡಿ ಕಟ್ಟಬೇಕು. ಬೀದಿ ತುಂಬ ಕಂದು ಅಂಗಿಯ ಮಕ್ಕಳು ಗುಬ್ಬಿಗಳ ಹಾಗೆ ಹಾರಾಡುತ್ತಿದ್ದರು.

ಕೊಳದಾಚೆಯ ಕುಂಬಾರಶಾಲೆಗೆ ಮಾತ್ರ ಅಕ್ಕ ಸುದ್ದಿ ಕಳಿಸಲಿಲ್ಲ. ಅಲ್ಲಿ ಕೂತಿದ್ದ ಕುಂಬಾರಗಿತ್ತಿಗೆ ಇದು ಮೊದಲ ದಿನ. ಅಕ್ಕ ಅವಳೊಡನೆ ನಾಲ್ಕು ಮಾತೂ ಆಡಿರಲಿಲ್ಲ. ಹೊಸಬಳು ಗಾಬರಿಬಿದ್ದರೆ ಸುತ್ತಲಿದ್ದ ಜನವೂ ಗಾಬರಿಬೀಳುತ್ತಿತ್ತು.

ಕಮ್ಮಾರ ಬರಿಗೈಯಲ್ಲಿ ಬಂದ. ಬಡಗಿಯೂ ಬಂದ. ಬಾವಿಯ ಹತ್ತಿರ ಇಲ್ಲ, ಲಾಯದಲ್ಲಿ ಇಲ್ಲ. ಬಾವಿ ಎಂಬ ಮಾತು ಕಿವಿಗೆ ಬಿದ್ದಾಗ ಅಕ್ಕ ಬಡಗಿಯನ್ನು ಮತ್ತೊಮ್ಮೆ ಅಲ್ಲಿಗೆ ಅಟ್ಟಿದಳು.

"ಆ ಮನೆ ನೋಡಿದ್ರಾ?" ಎಂದು ಕನ್ನಡಕದವಳು ಬೀದಿಯ ಕೊನೆಗೆ ಬೆರಳು ತೋರಿಸಿದಳು.

ಅದು ನೂಲಜ್ಜಿಯ ಮನೆ. ಅಜ್ಜಿ ಸೇರಿ ಮೂರು ತಿಂಗಳಾಗಿತ್ತು. ಎಲ್ಲಿಯವಳು, ಮನೆಯಲ್ಲಿ ಯಾರಿದ್ದಾರೆ, ಯಾರಿಗೂ ತಿಳಿಯದು. ಅರ್ಜಿಯಲ್ಲಿ ಆ ಜಾಗ ಖಾಲಿ. ಮಕ್ಕಳು ಬಂದರೆ ಮಾತ್ರ ಅವಳ ಮುಖ ಅರಳುತ್ತಿತ್ತು. ಪದ ಹೇಳುತ್ತ, ಪಕ್ಕದಲ್ಲಿ ಕೂರಿಸಿಕೊಳ್ಳುತ್ತ, ಎದ್ದು ಹೋಗಲು ಬಿಡುತ್ತಿರಲಿಲ್ಲ.

ಇಂದು ಅವಳ ಪಕ್ಕದಲ್ಲಿ ಯಾರೂ ಇರಲಿಲ್ಲ. ರಾಟೆ ತಿರುಗುತ್ತಿತ್ತು. ಕದಿರಿನಲ್ಲಿ ನೂಲಿರಲಿಲ್ಲ.

"ಅಜ್ಜಿ, ಮಗು ಏನಾದ್ರೂ ಬಂತಾ?"

ಅಜ್ಜಿ ಅಕ್ಕನನ್ನು ನೋಡಲಿಲ್ಲ. ಅವಳ ಹಿಂದೆ ನಿಂತವಳನ್ನು ನೋಡಿದಳು. "ಈ ಮನೇಲಿ ಮಕ್ಕಳೆಲ್ಲಿ ಬರಬೇಕು ಒಡತಿ? ನಾನುಂಟು, ನನ್ನ ರಾಟೆ ಉಂಟು."

"ಆಟ ಸಾಕು ಅಜ್ಜಿ. ಪಾತ್ರ ಬಿಟ್ಟು ಹೇಳಿ."

"ಬಾಗಿಲು ಮುಚ್ಚೋ ತನಕ ಬಿಡಬಾರದು ಅಂತ ನೀವೇ ಅಲ್ವಾ ಹೇಳಿದ್ದು?"

ಅಜ್ಜಿ ಎದ್ದು ಒಳಕೋಣೆಯ ಬಾಗಿಲಿಗೆ ಅಡ್ಡ ನಿಂತಳು. "ಒಳಗೆ ಹತ್ತಿ ಹರಡಿದೀನಿ. ತುಳಿದುಬಿಟ್ಟೀರಿ."

ಅಕ್ಕ ಅವಳನ್ನು ಸರಿಸಿ ಒಳಗೆ ನುಗ್ಗಿದಳು. ಮೂಲೆಯಲ್ಲಿ ಆಳೆತ್ತರದ ಹತ್ತಿಯ ರಾಶಿ. ಅದು ಉಸಿರಾಡುತ್ತಿತ್ತು.

ಹತ್ತಿ ಕೆದರಿದಾಗ ಮೊದಲು ಕಂಡದ್ದು ಎರಡು ಜಡೆ, ಆಮೇಲೆ ಕಂದು ನಿಲುವಂಗಿ, ಅದರ ಅಂಚಿನಲ್ಲಿ ಎರಡು ಬೆರಳಿನಷ್ಟು ನೀಲಿ. ಇಷ್ಟು ಕಣ್ಣುಗಳಿಗೆ ಯಾಕೆ ಕಾಣಲಿಲ್ಲವೆಂದು ಅಕ್ಕನಿಗೆ ಆಗ ಹೊಳೆಯಿತು. ತಾವೇ ಮುಚ್ಚಿದ ಬಣ್ಣವನ್ನು ತಾವೇ ಹುಡುಕುತ್ತಿದ್ದರು. ಎಂಥ ದಡ್ಡತನ! ಆದರೆ ಕೋಪ ತಿರುಗಿದ್ದು ಅಜ್ಜಿಯ ಕಡೆಗೆ.

"ಹೆತ್ತ ಕರುಳು ಅಲ್ಲಿ ಸಾಯ್ತಾ ಇದೆ. ನೀವು ಇಲ್ಲಿ ಬಚ್ಚಿಟ್ಟುಕೊಂಡು ಕೂತಿದೀರಾ? ಮನುಷ್ಯರಾ ನೀವು?"

"ಅಕ್ಕ, ಒಂದು ಮಾತು ಕೇಳಿ," ಎಂದಳು ಅಜ್ಜಿ. ಧ್ವನಿಯಲ್ಲಿ ಪಾತ್ರ ಇರಲಿಲ್ಲ.

"ಪೊಲೀಸರ ಹತ್ರ ಹೇಳಿ."

"ಅಯ್ಯೋ, ಪೊಲೀಸ್ ಗಿಲೀಸ್ ಏನೂ ಬೇಡ ಮೇಡಂ," ಹೊಸ್ತಿಲಲ್ಲಿದ್ದ ಕನ್ನಡಕದವಳು ಅವಸರದಿಂದ ಹೇಳಿದಳು. "ಪಾಪ, ವಯಸ್ಸಾದವರು. ಮಗು ಸಿಕ್ತಲ್ಲ, ಅಷ್ಟು ಸಾಕು. ಹೊರಗೆ ಕಾರು ಕಾಯ್ತಾ ಇದೆ."

ದೊಡ್ಡ ಮನಸ್ಸು ಎಂದುಕೊಂಡಳು ಅಕ್ಕ. ಹಿಂದೆಯೇ ಬಂದು ನಿಂತಿದ್ದ ಕಮ್ಮಾರನಿಗೆ ಕೈಸನ್ನೆ ಮಾಡಿದಳು: ಬಾಗಿಲ ಕಾವಲು ತೆಗೆಸು. ಮಗುವಿನ ಕೂದಲಿಗೆ ಅಂಟಿದ್ದ ಹತ್ತಿ ಬಿಡಿಸಿ, ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ಮುಂದೆ ತಳ್ಳಿದಳು.

"ಹೋಗು ಪುಟ್ಟಿ. ಹೆದರಬೇಡ, ಬೈಯಲ್ಲ."

ಕನ್ನಡಕದವಳು ಮೊಣಕಾಲೂರಿ ಎರಡೂ ಕೈ ಚಾಚಿದಳು. "ಬಾ ಚಿನ್ನ. ಮನೆಗೆ ಹೋಗೋಣ ಬಾ."

ಮಗು ಎರಡು ಹೆಜ್ಜೆ ಹಿಂದೆ ಸರಿದು ಅಜ್ಜಿಯ ಸೆರಗು ಹಿಡಿಯಿತು.

"ನಮ್ಮಮ್ಮ ಕೊಳದ ಹತ್ರ ಗಡಿಗೆ ಮಾಡ್ತಿದಾಳೆ. ನಾನು ನಿಮ್ಮ ಜೊತೆ ಬರಲ್ಲ, ಅತ್ತೆ."